ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕಿದರೆ ಎಲ್ಲ ಕೆಲಸ ಆಗುತ್ತಾ?

ಪ್ರಶ್ನೆ: ಹಾಸನದಲ್ಲಿ ಮನೆ ಕಟ್ಟಿಕೊಂಡು ಹೋದ ವರ್ಷ ಬಂದೆವು. ಈಗ ಸಣ್ಣಪುಟ್ಟ ಕೆಲಸಗಳನ್ನು ನಾನೇ ಮಾಡಬೇಕು ಅಂತ ಆಸೆ. ಪ್ಲೈವುಡ್‌ನಲ್ಲಿ ಒಂದು ಪುಸ್ತಕದ ಕಪಾಟು, ಆರು ಅಡಿ ಎತ್ತರ, ಮೂರು ಅಡಿ ಅಗಲ. ತಾರಸಿ ಮೇಲಿನ ಗಿಡಗಳಿಗೆ ಪಿವಿಸಿ ಪೈಪ್. ಬಚ್ಚಲುಮನೆಯಲ್ಲಿ ಒಡೆದ ಎರಡು ಟೈಲ್ಸ್ ಬದಲಿಸಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಫಿಲ್ಟರ್ ನಲ್ಲಿಗೆ ಒಂದು ತೂತು ಬೇಕು. ಅಂಗಡಿಯವರು 4 ಇಂಚಿನ ಆಂಗಲ್ ಗ್ರೈಂಡರ್ ಕೊಟ್ಟು, ಹಲ್ಲಿರುವ ಮರದ ಬ್ಲೇಡ್ ಒಂದನ್ನೂ ಜೊತೆಗೆ ಕೊಟ್ಟರು. "ಬ್ಲೇಡ್ ಬದಲಿಸಿದರೆ ಇದೊಂದರಲ್ಲೇ ಎಲ್ಲ ಆಗುತ್ತೆ" ಅಂದರು. ಬ್ಲೇಡ್ ಪ್ಯಾಕೆಟ್ ಇನ್ನೂ ಬಿಚ್ಚಿಲ್ಲ. ಕೈಯಲ್ಲಿ ಇನ್ನೂ ಆರು ಸಾವಿರ ರೂಪಾಯಿ ಇದೆ. ಏನು ತಗೊಳ್ಳಲಿ?

ಉತ್ತರ: ಪ್ಯಾಕೆಟ್ ಬಿಚ್ಚದೆ ಇಟ್ಟಿದ್ದೀರಿ, ಒಳ್ಳೆಯದಾಯಿತು. ಬಿಲ್ ಸಮೇತ ವಾಪಸ್ ಕೊಟ್ಟುಬಿಡಿ. ಗ್ರೈಂಡರ್ ಇರಲಿ, ಟೈಲ್ಸ್ ಕೆಲಸಕ್ಕೆ ಬೇಕಾಗುತ್ತದೆ. ಮರಕ್ಕೆ ಮಾತ್ರ ಬೇಡ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಗ್ರೈಂಡರ್ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. 100 ಮಿ.ಮೀ. ಡಿಸ್ಕಿನ ಅಂಚು ಆಗ ಗಂಟೆಗೆ 200 ಕಿ.ಮೀ. ವೇಗ ದಾಟಿರುತ್ತದೆ. ಕಬ್ಬಿಣ ಕೊಯ್ಯುವ ಡಿಸ್ಕಿಗೆ ಹಲ್ಲು ಇರುವುದಿಲ್ಲ. ಅದು ಉಜ್ಜಿ ಉಜ್ಜಿ ಸವೆಸುತ್ತದೆ ಅಷ್ಟೇ. ಮರದ ಬ್ಲೇಡಿನ ಹಲ್ಲು ಹಾಗಲ್ಲ, ಅದು ಕಚ್ಚುತ್ತದೆ. ಕಚ್ಚುವ ಹಲ್ಲು ಒಂದು ಗಂಟಿಗೋ ಮೊಳೆಗೋ ಸಿಕ್ಕಿದರೆ, ಅಥವಾ ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿದುಕೊಂಡರೆ, ತಿರುಗುವ ಶಕ್ತಿಯೆಲ್ಲ ಮೆಷಿನ್‌ಗೆ ಬರುತ್ತದೆ. ಮೆಷಿನ್ ನಿಮ್ಮ ಕಡೆ ಹಾರುತ್ತದೆ. ತೊಡೆ, ಹೊಟ್ಟೆ, ಕುತ್ತಿಗೆ, ಯಾವುದು ಎದುರಿಗಿದೆಯೋ ಅದಕ್ಕೆ. ನಿಮಗೆ ಸ್ವಿಚ್ ಬಿಡುವಷ್ಟೂ ಸಮಯ ಸಿಗುವುದಿಲ್ಲ.

ಮರ ಕೊಯ್ಯುವ ಸರ್ಕ್ಯುಲರ್ ಸಾ ಮೆಷಿನ್ನಿನಲ್ಲೂ ಹಲ್ಲಿರುವ ಬ್ಲೇಡೇ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅದಕ್ಕೆ ಹಲಗೆಯ ಮೇಲೆ ಕೂರುವ ಅಗಲವಾದ ತಳ ಇದೆ. ಬ್ಲೇಡ್ ಆ ಕಡೆ ಈ ಕಡೆ ವಾಲುವುದಿಲ್ಲ. ಕೆಳಗಡೆ ಸ್ಪ್ರಿಂಗ್ ಗಾರ್ಡ್ ಇದೆ, ಮೆಷಿನ್ ಎತ್ತಿದ ಕೂಡಲೇ ಅದು ಬ್ಲೇಡನ್ನು ಮುಚ್ಚುತ್ತದೆ. ಸುತ್ತೂ ಕಡಿಮೆ, ನಿಮಿಷಕ್ಕೆ ಐದು ಸಾವಿರದ ಹತ್ತಿರ. ಗ್ರೈಂಡರ್‌ಗೆ ತಳವೇ ಇಲ್ಲ. ಅದರ ಗಾರ್ಡ್ ಇರುವುದು ಕಿಡಿ ಮತ್ತು ಒಡೆದ ಡಿಸ್ಕಿನ ಚೂರು ತಡೆಯಲು. ಸಾಲದ್ದಕ್ಕೆ ಎಷ್ಟೋ ಮರದ ಬ್ಲೇಡ್‌ಗಳು 110 ಮಿ.ಮೀ. ಇರುತ್ತವೆ, 100 ಮಿ.ಮೀ. ಗಾರ್ಡ್ ಒಳಗೆ ಕೂರುವುದಿಲ್ಲ. ಆಗ ಜನ ಏನು ಮಾಡುತ್ತಾರೆ? ಗಾರ್ಡನ್ನೇ ಬಿಚ್ಚಿ ಎಸೆಯುತ್ತಾರೆ.

"ನಮ್ಮ ಮನೆ ಕೆಲಸಕ್ಕೆ ಬಂದಿದ್ದ ಕಾರ್ಪೆಂಟರ್ ಸಣ್ಣ ಮೆಷಿನ್‌ನಲ್ಲೇ ಎಲ್ಲ ಕೊಯ್ದರಲ್ಲ" ಅಂತ ನಿಮಗೆ ಅನ್ನಿಸಿರಬಹುದು. ಅವರ ಕೈಯಲ್ಲಿದ್ದದ್ದು ಹೆಚ್ಚಾಗಿ ಗ್ರೈಂಡರ್ ಅಲ್ಲ, ಮಾರ್ಬಲ್ ಕಟರ್. ಕಲ್ಲು ಕೊಯ್ಯಲು ಮಾಡಿದ ಮೆಷಿನ್, ಅದಕ್ಕೆ ಮರದ ಬ್ಲೇಡ್ ಹಾಕಿಕೊಳ್ಳುತ್ತಾರೆ. ಕರ್ನಾಟಕದಲ್ಲಿ ಯಾವ ಸೈಟಿಗೆ ಹೋದರೂ ಇದೇ ದೃಶ್ಯ. ಹಗುರ, ಅಗ್ಗ, ಚಿಕ್ಕದು, ತಳವೂ ಇದೆ, ಆಳ ಹೊಂದಿಸುವ ತಿರುಪೂ ಇದೆ. ದಿನಾ ಹತ್ತು ಗಂಟೆ ಅದೇ ಕೆಲಸ ಮಾಡುವವರ ಕೈಗೆ ಅದು ಒಗ್ಗಿರುತ್ತದೆ. ಹಾಗಂತ ಅದು ಸುರಕ್ಷಿತ ಅಂತಲ್ಲ. 12–13 ಸಾವಿರ ಸುತ್ತು, ಕೆಳಗೆ ಮುಚ್ಚಿಕೊಳ್ಳುವ ಗಾರ್ಡ್ ಇಲ್ಲ. ಕೊಯ್ದು ಮುಗಿಸಿ ಎತ್ತಿದಾಗಲೂ ಬ್ಲೇಡ್ ತೆರೆದುಕೊಂಡೇ ತಿರುಗುತ್ತಿರುತ್ತದೆ. ಹಾಗೇ ಪಕ್ಕಕ್ಕೆ ಇಟ್ಟರೆ ನೆಲದ ಮೇಲೆ ಓಡುತ್ತದೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ.

ಇನ್ನೊಂದು ದೃಶ್ಯವನ್ನೂ ನೋಡಿರುತ್ತೀರಿ. ಅದೇ ಮಾರ್ಬಲ್ ಕಟರನ್ನು ಪ್ಲೈವುಡ್ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಬ್ಲೇಡ್ ಮೇಲಕ್ಕೆ ಬರುವ ಹಾಗೆ ಮಾಡಿ, ಟೇಬಲ್ ಸಾ ಅಂತ ಬಳಸುತ್ತಾರೆ. ಮೊಬೈಲಿನಲ್ಲಿ ಇದನ್ನು ಮಾಡುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಇದು ಈಳಿಗೆಮಣೆಯ ಲೆಕ್ಕ. ಬ್ಲೇಡ್ ನಿಂತಲ್ಲೇ ಇರುತ್ತದೆ, ನಾವು ವಸ್ತುವನ್ನು ಅದರ ಕಡೆ ತಳ್ಳುತ್ತೇವೆ. ಅಂದರೆ ಬೆರಳು ಬ್ಲೇಡಿನ ಕಡೆಗೇ ಹೋಗುತ್ತಿರುತ್ತದೆ. ಬದನೆಕಾಯಿ ಹೆಚ್ಚುವಾಗ ಕೈ ತಪ್ಪಿದರೆ ಒಂದು ಗೀರು. ಇಲ್ಲಿ ಹಾಗಲ್ಲ. ಕಾರ್ಖಾನೆಯಲ್ಲಿ ಮಾಡಿದ ಟೇಬಲ್ ಸಾಗೆ ಬ್ಲೇಡಿನ ಹಿಂದೆ ಒಂದು ತಗಡು ಇರುತ್ತದೆ, ಸೀಳು ಮುಚ್ಚಿಕೊಳ್ಳದ ಹಾಗೆ ಅದು ತಡೆಯುತ್ತದೆ. ಮೇಲೆ ಗಾರ್ಡ್, ಕೈಗೆ ಸಿಗುವ ಕಡೆ ದೊಡ್ಡ ಸ್ವಿಚ್ ಇರುತ್ತವೆ. ಮನೆಯಲ್ಲಿ ಬಿಗಿದದ್ದಕ್ಕೆ ಇದು ಯಾವುದೂ ಇಲ್ಲ. ದಯವಿಟ್ಟು ಮಾಡಬೇಡಿ.

ಮೊದಲು ಅಂಗಡಿಯಲ್ಲೇ ಕೊಯ್ಯಿಸಿ

ಈಗ ನಿಮ್ಮ ಕಪಾಟಿನ ವಿಷಯ. ಸಾಧನ ಯಾವುದು ಅನ್ನುವ ಮುಂಚೆ, ಕೊಯ್ಯುವುದು ಎಷ್ಟಿದೆ ಅಂತ ಕಾಗದದ ಮೇಲೆ ಬರೆಯಿರಿ. ಬಹಳ ಜನ ಇದನ್ನು ಬಿಟ್ಟು ನೇರ ಮೆಷಿನ್ ಅಂಗಡಿಗೆ ಹೋಗುತ್ತಾರೆ.

ಪ್ಲೈವುಡ್ 8x4 ಅಡಿ ಹಾಳೆ ಅಂದರೆ 2440x1220 ಮಿ.ಮೀ. 18 ಮಿ.ಮೀ. ದಪ್ಪದ್ದು ತಗೊಳ್ಳಿ. ಪುಸ್ತಕದ ಕಪಾಟಿಗೆ ಐಎಸ್ 303 ಮಾನದಂಡದ ಗುರುತಿನದು ಸಾಕು. ನೀರು ಬೀಳುವ ಜಾಗಕ್ಕೆ ಬೇಕಾಗುವ ಐಎಸ್ 710ಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಒಂದು ಹಾಳೆ ಮೂವತ್ತು ಕೆ.ಜಿ. ಮೀರಿ ತೂಗುತ್ತದೆ. ಒಬ್ಬರೇ ಅದನ್ನು ಎತ್ತಿ, ನೇರವಾಗಿ ಎಂಟು ಅಡಿ ಉದ್ದ ಕೊಯ್ಯುವುದು ಹೊಸಬರ ಕೆಲಸವೇ ಅಲ್ಲ.

ಕಪಾಟಿನ ಆಳ 250 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಹಾಳೆಯನ್ನು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿದರೆ 1000 ಮಿ.ಮೀ. ಬ್ಲೇಡ್ ತಿನ್ನುವ ಜಾಗ ಒಂದು ಕೊಯ್ತಕ್ಕೆ 3 ಮಿ.ಮೀ. ಹಿಡಿದರೆ ಇನ್ನು 12. ಉಳಿಯುವುದು 208 ಮಿ.ಮೀ. ಅಗಲದ ಒಂದು ಪಟ್ಟಿ. ನಾಲ್ಕರಲ್ಲಿ ಎರಡು ಪಟ್ಟಿ ನಿಮ್ಮ ಕಪಾಟಿನ ಎರಡು ಪಕ್ಕಗಳು, ಒಂದೊಂದು 1830 ಮಿ.ಮೀ., ಅಂದರೆ ಆರು ಅಡಿ. ಉಳಿದ ಎರಡು ಪಟ್ಟಿಯಲ್ಲಿ ಅಡ್ಡ ಹಲಗೆಗಳು ಬರಬೇಕು. ನೀವು ಹೇಳಿದ ಮೂರು ಅಡಿ ಅಗಲ ಹಿಡಿದರೆ ಒಂದು ಪಟ್ಟಿಗೆ ಎರಡೇ ಹಲಗೆ ಬರುತ್ತವೆ, ಇನ್ನೊಂದು ಹಾಳೆ ತರಬೇಕಾಗುತ್ತದೆ. ಹಲಗೆಯನ್ನು 800 ಮಿ.ಮೀ. ಮಾಡಿ. ಒಂದು ಪಟ್ಟಿಗೆ ಮೂರು ಬರುತ್ತವೆ. ಎರಡು ಪಟ್ಟಿಗೆ ಆರು. ಮೇಲೊಂದು, ಕೆಳಗೊಂದು, ನಡುವೆ ನಾಲ್ಕು. ಕಪಾಟಿನ ಒಟ್ಟು ಅಗಲ 836 ಮಿ.ಮೀ., ಎರಡು ಮುಕ್ಕಾಲು ಅಡಿಯ ಹತ್ತಿರ. ಮೂರು ಇಂಚು ಬಿಟ್ಟುಕೊಟ್ಟರೆ ಒಂದೇ ಹಾಳೆಯಲ್ಲಿ ಕಪಾಟು ಆಯಿತು. ಉಳಿದ 208ರ ಪಟ್ಟಿಯನ್ನು ಬಿಸಾಡಬೇಡಿ. ಅದರಲ್ಲಿ 40 ಮಿ.ಮೀ. ಅಗಲದ ಪಟ್ಟಿಗಳನ್ನು ಮಾಡಿಸಿ ಒಂದೊಂದು ಹಲಗೆಯ ಮುಂದಿನ ಅಂಚಿನ ಕೆಳಗೆ ಅಂಟಿಸಿ. ಪುಸ್ತಕದ ಭಾರಕ್ಕೆ ಹಲಗೆ ಬಾಗುವುದು ತುಂಬಾ ಕಡಿಮೆಯಾಗುತ್ತದೆ.

ಈ ಉದ್ದ ಕೊಯ್ತಗಳನ್ನೆಲ್ಲ ಅಂಗಡಿಯಲ್ಲೇ ಮಾಡಿಸಿ. ಪ್ಲೈವುಡ್ ಮಾರುವ ದೊಡ್ಡ ಅಂಗಡಿಗಳಲ್ಲಿ, ಇಲ್ಲವೇ ಮಾಡ್ಯುಲರ್ ಕಿಚನ್ ಮಾಡುವ ವರ್ಕ್‌ಶಾಪ್‌ಗಳಲ್ಲಿ ಪ್ಯಾನೆಲ್ ಸಾ ಇರುತ್ತದೆ. ಕೊಯ್ತಕ್ಕೆ ಇಷ್ಟು ಅಂತ ತಗೊಳ್ಳುತ್ತಾರೆ. ಆ ಮೆಷಿನ್‌ನಲ್ಲಿ ಬರುವ ನೇರವಾದ, ಚೂರೂ ಕೀಳದ ಅಂಚು ಮನೆಯಲ್ಲಿ ಯಾವ ಸಾಧನದಲ್ಲೂ ಸುಲಭಕ್ಕೆ ಬರುವುದಿಲ್ಲ. ಅಳತೆಯನ್ನು ಮಿ.ಮೀ. ಲೆಕ್ಕದಲ್ಲೇ ಬರೆದುಕೊಡಿ. ಇಂಚಿನಲ್ಲಿ ಬಾಯಿಮಾತಿಗೆ ಹೇಳಿದರೆ ಎಡವಟ್ಟು ಗ್ಯಾರಂಟಿ. ಆರು ಅಡ್ಡ ಹಲಗೆಗಳನ್ನೂ ಅಲ್ಲೇ ಒಂದೇ ಸೆಟ್ಟಿಂಗ್‌ನಲ್ಲಿ ಕೊಯ್ಯಿಸಿಬಿಡಿ. ಆರೂ ಒಂದೇ ಉದ್ದ ಇರಲೇಬೇಕು. ಒಂದು ಹಲಗೆ ಎರಡು ಮಿ.ಮೀ. ಗಿಡ್ಡವಾದರೂ ಕಪಾಟಿನ ಪಕ್ಕ ಅಲ್ಲಿ ಒಳಗೆ ಬಾಗುತ್ತದೆ.

ಹಾಗಾದರೆ ನಿಮಗೆ ಉಳಿದದ್ದೇನು? ಎರಡು ಪಕ್ಕಗಳನ್ನು ಎತ್ತರಕ್ಕೆ ತಕ್ಕಂತೆ ಕೊಯ್ಯುವುದು. ಕೆಳಗಡೆ ಗೋಡೆಯ ಸ್ಕರ್ಟಿಂಗ್ ಟೈಲ್ಸ್ ಕೂರುವಷ್ಟು ಒಂದು ಮೂಲೆ ತೆಗೆಯುವುದು. ಇದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಕಪಾಟು ಗೋಡೆಗೆ ತಾಗದೆ ಅರ್ಧ ಇಂಚು ಮುಂದೆ ನಿಲ್ಲುತ್ತದೆ. ದೀಪದ ವೈರ್ ಹಾಕುವುದಿದ್ದರೆ ಅದಕ್ಕೊಂದು ಕಿಂಡಿ. ಅಷ್ಟೇ. ಇಷ್ಟಕ್ಕೆ ಸರ್ಕ್ಯುಲರ್ ಸಾ ಬೇಡ.

ಗರಗಸ, ಜಿಗ್‌ಸಾ, ಕ್ಲಾಂಪ್

ನಿಮ್ಮ ಆರು ಸಾವಿರದಲ್ಲಿ ಮೊದಲು ನಾಲ್ಕು ಒಳ್ಳೆಯ ಎಫ್ ಕ್ಲಾಂಪ್ ತಗೊಳ್ಳಿ, ಹಲಗೆಯನ್ನು ಮೇಜಿಗೆ ತಿರುಪಿನಿಂದ ಬಿಗಿದು ಹಿಡಿಯುವ ಸಾಧನ. ನಗಬೇಡಿ. ಕೊಯ್ತ ಸೊಟ್ಟಗಾಗುವುದು, ಬ್ಲೇಡ್ ಸಿಕ್ಕಿಕೊಳ್ಳುವುದು, ಕೈಗೆ ಗಾಯವಾಗುವುದು, ಈ ಮೂರರಲ್ಲೂ ಬಹುಪಾಲು ಕಾರಣ ಒಂದೇ: ವಸ್ತು ಅಲುಗಾಡುತ್ತಿರುತ್ತದೆ. ಎಡಗೈಯಲ್ಲಿ ಹಲಗೆ ಒತ್ತಿ, ಕಾಲಲ್ಲಿ ಮೆಟ್ಟಿ, ಬಲಗೈಯಲ್ಲಿ ಮೆಷಿನ್ ಹಿಡಿಯುವ ಪದ್ಧತಿ ನಮ್ಮಲ್ಲಿದೆ. ಹಲಗೆಯನ್ನು ಕ್ಲಾಂಪ್ ಹಿಡಿದರೆ ಎರಡೂ ಕೈ ಮೆಷಿನ್ ಮೇಲಿರುತ್ತವೆ. ಎರಡೂ ಕೈ ಮೆಷಿನ್ ಮೇಲಿದ್ದರೆ ಬೆರಳು ಬ್ಲೇಡಿನ ದಾರಿಯಲ್ಲಿ ಇರಲು ಸಾಧ್ಯವೇ ಇಲ್ಲ, ಅಲ್ವಾ?

ಆಮೇಲೆ ಒಂದು ಕೈಗರಗಸ. ಹಲ್ಲುಗಳ ತುದಿ ಕಪ್ಪು-ನೀಲಿ ಬಣ್ಣಕ್ಕೆ ತಿರುಗಿರುವ ಗರಗಸಗಳು ಈಗ ಎಲ್ಲ ಕಡೆ ಸಿಗುತ್ತವೆ. ಆ ತುದಿಗಳನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಬಹಳ ದಿನ ಹರಿತ ಉಳಿಯುತ್ತದೆ. ಆದರೆ ಮೊಂಡಾದ ಮೇಲೆ ಅರ ಹಾಕಿ ಸಾಣೆ ಹಿಡಿಯಲು ಆಗುವುದಿಲ್ಲ, ಹಲ್ಲು ಅರಕ್ಕಿಂತ ಗಟ್ಟಿ. ಪ್ಲೈವುಡ್ಡಿಗೆ ಹಳೆಯ ಕಾಲದ ಗರಗಸಕ್ಕಿಂತ ಇದೇ ಮೇಲು. ಪದರಗಳ ನಡುವಿನ ಅಂಟು ಸಾದಾ ಉಕ್ಕಿನ ಹಲ್ಲನ್ನು ಬೇಗ ತಿಂದುಹಾಕುತ್ತದೆ. ತೇಗ, ಹಲಸು, ಸಿಲ್ವರ್ ಓಕ್ ಹಲಗೆಗೆ ಇಂಚಿಗೆ 7–8 ಹಲ್ಲಿನದು ಸಾಕು. ಪ್ಲೈವುಡ್ಡಿಗೆ 10–12 ಹಲ್ಲಿನದು ಕೇಳಿ ತಗೊಳ್ಳಿ. ಹಲ್ಲು ಸಣ್ಣದಾದಷ್ಟೂ ಕೊಯ್ತ ನಿಧಾನ, ಅಂಚು ನಯ.

ಕೊಯ್ಯುವ ಕ್ರಮ ಹೀಗೆ. ಮೂಲೆಮಟ್ಟ ಇಟ್ಟು ಪೆನ್ಸಿಲಿನ ಬದಲು ಕಟರ್ ಚಾಕುವಿನಲ್ಲಿ ಗೆರೆ ಎಳೆಯಿರಿ. ಎರಡು ಮೂರು ಸಲ ಒತ್ತಿ ಎಳೆದರೆ ಮೇಲಿನ ತೆಳು ಪದರ ಕತ್ತರಿಸುತ್ತದೆ. ಆ ಗೆರೆಯಾಚೆಗೆ ಸಿಬಿರು ಏಳುವುದಿಲ್ಲ. ಗರಗಸವನ್ನು ಗೆರೆಯ ಮೇಲಲ್ಲ, ಬೇಡದ ತುಂಡಿನ ಕಡೆ ಗೆರೆಗೆ ತಾಗಿಸಿ ಇಡಿ. ಮೊದಲು ಎರಡು ಸಲ ನಿಮ್ಮ ಕಡೆ ಎಳೆಯಿರಿ, ಒಂದು ಹಳ್ಳ ಬೀಳುತ್ತದೆ. ಆಮೇಲೆ ತಳ್ಳಿ. ನಮ್ಮ ಗರಗಸ ಕೊಯ್ಯುವುದು ತಳ್ಳುವಾಗ. ಒತ್ತಬೇಡಿ, ಗರಗಸದ ತೂಕವೇ ಸಾಕು. ಪೂರ್ತಿ ಉದ್ದ ಬಳಸಿ, ನಡುವಿನ ಆರು ಇಂಚಿನಲ್ಲೇ ಗಸಗಸ ಅಂತ ಓಡಾಡಿಸಬೇಡಿ. ಕೊನೆಯಲ್ಲಿ ತುಂಡು ಬೀಳುವ ಮುಂಚೆ ಅದನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ. ಮೇಲಕ್ಕೆ ಎತ್ತದೆ, ಸುಮ್ನೆ ಆಧಾರ ಕೊಡಬೇಕು ಅಷ್ಟೇ. ಇಲ್ಲದಿದ್ದರೆ ತುಂಡು ಮುರಿದು ಕೆಳಗಿನ ಪದರವನ್ನು ಕಿತ್ತುಕೊಂಡು ಬೀಳುತ್ತದೆ. 250 ಮಿ.ಮೀ. ಅಗಲದ ಹಲಗೆಗೆ ಕೆಲವು ನಿಮಿಷ ಸಾಕು. ಸದ್ದಿಲ್ಲ, ಕರೆಂಟ್ ಬೇಡ, ಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ.

ಮೂಲೆ ತೆಗೆಯಲು, ಬಳುಕು ಕೊಯ್ಯಲು, ನಡುವೆ ಕಿಂಡಿ ಮಾಡಲು ಜಿಗ್‌ಸಾ. ಮನೆಗೆ ಒಂದೇ ಒಂದು ಕರೆಂಟಿನ ಗರಗಸ ಸಾಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. 500–600 ವ್ಯಾಟ್ ಇದ್ದರೆ ಧಾರಾಳ. ಬ್ಲೇಡ್ ಮೇಲೆ ಕೆಳಗೆ ಓಡುತ್ತದೆ, ತಿರುಗುವುದಿಲ್ಲ, ಹಾಗಾಗಿ ಮೆಷಿನ್ ಮೈಮೇಲೆ ಹಾರುವ ಭಯ ಬಹಳ ಕಡಿಮೆ. ಹಲಗೆ ಅಲುಗಾಡಿದರೆ ದಡದಡ ಕುಣಿಯುತ್ತದೆ ಅಷ್ಟೇ. ಅದಕ್ಕೂ ಔಷಧ ಕ್ಲಾಂಪ್.

ಜಿಗ್‌ಸಾ ಬಗ್ಗೆ ದೂರು ಹೇಳುವವರಲ್ಲಿ ಹೆಚ್ಚಿನವರ ತಕರಾರು ಮೆಷಿನ್ನಿನದಲ್ಲ, ಬ್ಲೇಡಿನದು. ಜೊತೆಗೆ ಬಂದ ಒಂದೇ ಬ್ಲೇಡಿನಲ್ಲಿ ಮರ, ತಗಡು, ಸನ್‌ಮೈಕಾ ಎಲ್ಲ ಕೊಯ್ಯಲು ನೋಡುತ್ತಾರೆ. ಬ್ಲೇಡಿನ ಮೇಲೆ ನಂಬರ್ ಇರುತ್ತದೆ, ಅದನ್ನು ಹೇಳಿ ತಗೊಳ್ಳಿ. ಟಿ 144 ಡಿ ದೊಡ್ಡ ಹಲ್ಲಿನದು, ದಪ್ಪ ಮರವನ್ನು ಬೇಗ ಕೊಯ್ಯುತ್ತದೆ, ಅಂಚು ಒರಟು. ಟಿ 101 ಬಿ ಪ್ಲೈವುಡ್ಡಿಗೆ, ಅಂಚು ನಯ. ಟಿ 101 ಎಒ ತೆಳುವಾದದ್ದು, ಬಳುಕಿಗೆ. ಟಿ 118 ಎ ಕಬ್ಬಿಣದ ತಗಡಿಗೆ. ನಿಮಗೆ ಟಿ 101 ಬಿ ಒಂದು ಪ್ಯಾಕೆಟ್ ಸಾಕು. ಮೆಷಿನ್ ಪಕ್ಕದಲ್ಲಿ 0ಯಿಂದ 3ರವರೆಗೆ ಒಂದು ಗುಂಡಿ ಇರುತ್ತದೆ, ಬ್ಲೇಡನ್ನು ಹಿಂದಕ್ಕೂ ಮುಂದಕ್ಕೂ ತೂಗಾಡಿಸುವ ವ್ಯವಸ್ಥೆ. ಪ್ಲೈವುಡ್ಡಿಗೆ, ಬಳುಕಿಗೆ 0 ಅಥವಾ 1 ಇರಲಿ. 3ಕ್ಕೆ ಹಾಕಿದರೆ ಬೇಗ ಆಗುತ್ತದೆ, ಅಂಚೆಲ್ಲ ಸಿಬಿರು.

ಇಲ್ಲಿ ಒಂದು ವಿಷಯ ನೆನಪಿಡಿ. ಕೈಗರಗಸದ ಹಲ್ಲು ಮೇಲಿನಿಂದ ಕೆಳಗೆ ಕೊಯ್ಯುತ್ತದೆ, ಸಿಬಿರು ಏಳುವುದು ಕೆಳಮುಖದಲ್ಲಿ. ಆದ್ದರಿಂದ ಹಲಗೆಯ ಚೆಂದದ ಮುಖ ಮೇಲಿರಲಿ. ಜಿಗ್‌ಸಾ ಮತ್ತು ಸರ್ಕ್ಯುಲರ್ ಸಾ ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ. ಅಲ್ಲಿ ಚೆಂದದ ಮುಖ ಕೆಳಗಿರಬೇಕು. ಸನ್‌ಮೈಕಾ ಅಂಟಿಸಿದ ಹಲಗೆಯನ್ನು ಮೇಲ್ಮುಖವಾಗಿಟ್ಟೇ ಜಿಗ್‌ಸಾದಲ್ಲಿ ಕೊಯ್ಯಬೇಕಾಗಿ ಬಂದರೆ ಟಿ 101 ಬಿಆರ್ ಅಂತ ಉಲ್ಟಾ ಹಲ್ಲಿನ ಬ್ಲೇಡ್ ಸಿಗುತ್ತದೆ. ಬರೀ ಸನ್‌ಮೈಕಾ ಹಾಳೆಯಾದರೆ ಯಾವ ಮೆಷಿನ್ನೂ ಬೇಡ. ಸ್ಕೇಲ್ ಒತ್ತಿಟ್ಟು ಸನ್‌ಮೈಕಾ ಕಟರ್‌ನಲ್ಲಿ ಬಣ್ಣದ ಕಡೆಯಿಂದ ನಾಲ್ಕೈದು ಸಲ ಗೀರಿ, ಪಕ್ಕದ ತುಂಡನ್ನು ಮೇಲಕ್ಕೆ ಎತ್ತಿದರೆ ಟಪ್ ಅಂತ ಗೆರೆಗೇ ಮುರಿಯುತ್ತದೆ.

ಮುಂದೆ ಯಾವತ್ತಾದರೂ ಹಾಸಿಗೆಯ ಮಂಚ, ವಾರ್ಡ್‌ರೋಬ್ ಅಂತ ಕೆಲಸ ಬೆಳೆದರೆ ಆಗ ಸರ್ಕ್ಯುಲರ್ ಸಾ ತಗೊಳ್ಳಿ. 7 ಇಂಚಿನದು. ಅದು ಬಂದಾಗ ಎರಡು ಮಾತು ನೆನಪಿರಲಿ. ಹಲಗೆಯನ್ನು ಎರಡು ಸ್ಟೂಲ್ ನಡುವೆ ಸೇತುವೆಯ ಹಾಗೆ ಇಟ್ಟು ನಡುವೆ ಕೊಯ್ಯಬೇಡಿ. ಕೊಯ್ಯುತ್ತಾ ಹೋದ ಹಾಗೆ ನಡು ಕುಸಿಯುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ, ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಮೆಷಿನ್ ಹಿಂದಕ್ಕೆ ಹಾರಲು ಇದೇ ಮುಖ್ಯ ಕಾರಣ. ನೆಲದ ಮೇಲೆ ಎರಡು ಇಂಚಿನ ಥರ್ಮೊಕೋಲ್ ಹಾಸಿ, ಅದರ ಮೇಲೆ ಹಲಗೆ ಮಲಗಿಸಿ ಕೊಯ್ಯಿರಿ. ಬ್ಲೇಡ್ ಹಲಗೆಯ ಕೆಳಗೆ ಐದು ಮಿ.ಮೀ. ಮಾತ್ರ ಇಳಿಯುವ ಹಾಗೆ ಆಳ ಹೊಂದಿಸಿ. ಕೊನೆಯವರೆಗೂ ಎರಡೂ ತುಂಡಿಗೆ ಪೂರ್ತಿ ಆಧಾರ ಇರುತ್ತದೆ. ಎರಡನೆಯದು, ಬ್ಲೇಡಿನ ಮೇಲೆ ಬರೆದ ಗರಿಷ್ಠ ಸುತ್ತು ಮೆಷಿನ್ನಿನ ಸುತ್ತಿಗಿಂತ ಜಾಸ್ತಿ ಇರಲೇಬೇಕು. ಇದು ಗ್ರೈಂಡರ್‌ನ ಡಿಸ್ಕಿಗೂ ಅನ್ವಯ.

ಕರೆಂಟ್ ಹೋದಾಗ

ಮೆಷಿನ್ ಜೊತೆಗೆ ಬರುವ ಪುಸ್ತಕದಲ್ಲಿ ಇದಕ್ಕೆ ಜಾಗ ಕಡಿಮೆ, ನಮ್ಮ ಊರಿನಲ್ಲಿ ಮಾತ್ರ ಇದು ದಿನದ ವಿಷಯ. ಕೊಯ್ಯುತ್ತಿರುವಾಗ ಕರೆಂಟ್ ಹೋಯಿತು. ಮೆಷಿನ್ ನಿಂತಿತು. ನೀವು ಅದನ್ನು ಹಾಗೇ ನೆಲಕ್ಕಿಟ್ಟು ಕಾಫಿ ಕುಡಿಯಲು ಹೋದಿರಿ. ಸ್ವಿಚ್ ಮಾತ್ರ ಲಾಕ್ ಆಗಿಯೇ ಉಳಿದಿದೆ. ಕರೆಂಟ್ ಬಂತು. ನೆಲದ ಮೇಲೆ ತೆರೆದ ಬ್ಲೇಡಿನ ಮೆಷಿನ್ ತಾನಾಗಿ ಶುರುವಾಗುತ್ತದೆ, ಪಕ್ಕದಲ್ಲಿ ಮಕ್ಕಳಿದ್ದರೆ ಯೋಚಿಸಿ. ಕರೆಂಟ್ ಹೋದ ಕೂಡಲೇ ಮೊದಲು ಪ್ಲಗ್ ಕೀಳಬೇಕು. ಬ್ಲೇಡ್ ಬದಲಿಸುವಾಗಲೂ ಅಷ್ಟೇ, ಸ್ವಿಚ್ ಆಫ್ ಸಾಲದು, ಪ್ಲಗ್ ಹೊರಗಿರಬೇಕು. ಕೊಯ್ಯುವಾಗ ಸ್ವಿಚ್ ಲಾಕ್ ಮಾಡುವ ಅಭ್ಯಾಸವೇ ಬೇಡ. ಬೆರಳು ಬಿಟ್ಟರೆ ಮೆಷಿನ್ ನಿಲ್ಲಬೇಕು.

ಬಟ್ಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಪಂಚೆ, ಲುಂಗಿ, ದುಪಟ್ಟಾ, ಸೆರಗು, ಸಡಿಲ ತೋಳು, ಇವು ಯಾವುವೂ ತಿರುಗುವ ಮೆಷಿನ್ ಹತ್ತಿರ ಸಲ್ಲ. ಹತ್ತಿಯ ಗ್ಲೌಸ್ ಕೂಡ ಬೇಡ. ನೂಲಿನ ಒಂದು ಎಳೆ ಸಿಕ್ಕಿದರೂ ಕೈಯನ್ನೇ ಎಳೆದುಕೊಳ್ಳುತ್ತದೆ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಶೂ ಹಾಕಿ. ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಕನ್ನಡಕ ಬೇಕೇ ಬೇಕು, ನಿಮ್ಮ ಓದುವ ಕನ್ನಡಕ ಅದಕ್ಕೆ ಸಾಟಿಯಲ್ಲ. ಮರದ ಪುಡಿಯನ್ನೂ ಹಗುರವಾಗಿ ನೋಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟು ಬಹಳ ವರ್ಷಗಳಾದವು. ಒಂದು ಕಪಾಟಿಗೆ ಹೆದರಬೇಕಿಲ್ಲ, ಆದರೂ ಮಾಸ್ಕ್ ಹಾಕಿ.

ಪೈಪ್, ಟೈಲ್ಸ್, ಗ್ರಾನೈಟ್

ಪಿವಿಸಿ ಪೈಪಿಗೆ ಹ್ಯಾಕ್‌ಸಾ ಸಾಕು. ಇಂಚಿಗೆ 24 ಹಲ್ಲಿನ ಬ್ಲೇಡ್ ಹಾಕಿ, ಹಲ್ಲಿನ ಮೊನೆ ಹಿಡಿಯಿಂದ ಆಚೆ ಕಡೆ ಮುಖ ಮಾಡಿರಲಿ. ಉಲ್ಟಾ ಹಾಕಿಕೊಂಡು "ಬ್ಲೇಡ್ ಸರಿಯಿಲ್ಲ" ಅನ್ನುವವರು ಬಹಳ. ಪೈಪಿನ ಸುತ್ತ ಒಂದು ಕಾಗದದ ಪಟ್ಟಿಯನ್ನು ಅಂಚಿಗೆ ಅಂಚು ಕೂಡಿಸಿ ಸುತ್ತಿದರೆ ನೇರ ಗೆರೆ ಸಿಗುತ್ತದೆ. ಕೊಯ್ದ ಮೇಲೆ ಒಳಗಿನ ಹೊರಗಿನ ಸಿಬಿರನ್ನು ಚಾಕುವಿನಲ್ಲಿ ಕೆರೆದು ತೆಗೆಯಿರಿ. ಹಾಗೇ ಬಿಟ್ಟರೆ ಅಂಟು ಸರಿಯಾಗಿ ಹರಡುವುದಿಲ್ಲ. ಒಳಗೆ ಉಳಿದ ಚೂರು ಡ್ರಿಪ್ ಪೈಪಿನ ತೂತು ಕಟ್ಟಿಸುತ್ತದೆ. ತುಂಬಾ ಕೊಯ್ತ ಇದ್ದರೆ ಪೈಪ್ ಕಟರ್ ಕತ್ತರಿ ತಗೊಳ್ಳಿ, ಮುಕ್ಕಾಲು ಇಂಚು, ಒಂದು ಇಂಚು ಪೈಪನ್ನು ಸುಲಭವಾಗಿ ಕತ್ತರಿಸುತ್ತದೆ.

ಟೈಲ್ಸ್‌ಗೆ ನಿಮ್ಮ ಗ್ರೈಂಡರ್ ಸರಿ. ಅಂಚಿನಲ್ಲಿ ಕಚ್ಚು ಇಲ್ಲದ, ಸುತ್ತಲೂ ಒಂದೇ ಸಮ ಇರುವ ಡೈಮಂಡ್ ಬ್ಲೇಡ್ ಕೇಳಿ. ಕಚ್ಚು ಕಚ್ಚಾಗಿರುವುದು ಗ್ರಾನೈಟ್, ಕಾಂಕ್ರೀಟ್‌ಗೆ. ಅದನ್ನು ಟೈಲ್ಸ್ ಮೇಲೆ ಇಟ್ಟರೆ ಗ್ಲೇಜ್, ಅಂದರೆ ಮೇಲಿನ ಹೊಳಪಿನ ಪದರ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಗಾರ್ಡ್ ಹಾಕಿಯೇ ಇರಲಿ, ಪಕ್ಕದ ಹಿಡಿ ಕಳಚಬೇಡಿ. ಗೆರೆಯ ಮೇಲೆ ಪೇಪರ್ ಟೇಪ್ ಅಂಟಿಸಿ, ಮೊದಲ ಸಲ ಎರಡು ಮಿ.ಮೀ. ಆಳ ಮಾತ್ರ ಓಡಿಸಿ, ಆಮೇಲೆ ಎರಡು ಮೂರು ಸಲದಲ್ಲಿ ಪೂರ್ತಿ. ಬ್ಲೇಡನ್ನು ಸೀಳಿನೊಳಗೆ ತಿರುಚಬೇಡಿ. ಎರಡೇ ಟೈಲ್ಸ್, ಅದೂ ನೇರ ಕೊಯ್ತ ಆದರೆ ಟೈಲ್ಸ್ ಅಂಗಡಿಗೆ ಅಳತೆ ತಗೊಂಡು ಹೋಗುವುದು ಇನ್ನೂ ಸುಲಭ. ನಲ್ಲಿಯ ಸುತ್ತ ಕೊಯ್ಯುವ ಅರ್ಧಚಂದ್ರಕ್ಕೆ ಮಾತ್ರ ಗ್ರೈಂಡರ್ ಬೇಕೇ ಬೇಕು.

ಕಿಟಕಿ ಗ್ರಿಲ್ ಸರಳು ಕೊಯ್ಯುವ ಪ್ರಸಂಗ ಬಂದರೆ 1 ಮಿ.ಮೀ. ದಪ್ಪದ ಕಟಿಂಗ್ ಡಿಸ್ಕ್ ಹಾಕಿ. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು ವರ್ಷ ಅಚ್ಚಾಗಿರುತ್ತದೆ, ಅದು ಕೊನೆಯ ದಿನಾಂಕ. ದಾಟಿದ್ದರೆ ಬಳಸಬೇಡಿ, ಒಳಗಿನ ಅಂಟು ಸಡಿಲವಾಗಿ ಡಿಸ್ಕ್ ಓಡುವಾಗಲೇ ಒಡೆಯಬಹುದು. ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದ ಡಿಸ್ಕನ್ನು ಕಡಿಮೆ ರೇಟಿಗೆ ಕೊಟ್ಟರೆ ಈ ಬಳೆಯನ್ನು ಮೊದಲು ನೋಡಿ.

ಗ್ರಾನೈಟ್ ಕಟ್ಟೆಯ ತೂತಿಗೆ ಗ್ರೈಂಡರ್ ಬೇಡ, ಡ್ರಿಲ್ ಬೇಕು. ಇಲ್ಲಿ ಧೂಳೇ ದೊಡ್ಡ ವಿಷಯ. ಕಲ್ಲಿನೊಳಗಿನ ಸಿಲಿಕಾ ಪುಡಿ ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ, ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್‌ನಲ್ಲಿ ಸಿಲಿಕಾ ಜಾಸ್ತಿ. ಚಾಮರಾಜನಗರದ ಕಪ್ಪು ಕಲ್ಲನ್ನು ಗ್ರಾನೈಟ್ ಅಂತಲೇ ಮಾರುತ್ತಾರೆ, ಅದು ಬೇರೆ ಜಾತಿಯ ಕಲ್ಲು, ಅದರಲ್ಲಿ ಕಡಿಮೆ. ಈಚೆಗೆ ಬರುತ್ತಿರುವ ಕ್ವಾರ್ಟ್ಜ್ ಕಟ್ಟೆಗಳಲ್ಲಿ ಎಷ್ಟೋ ಸಲ 90%ಕ್ಕೂ ಮೇಲೆ. ಅವನ್ನು ಕೊಯ್ಯುವ ಕೆಲಸಗಾರರಿಗೆ ಕಾಯಿಲೆ ಬಂದು ಬಂದು, ಆಸ್ಟ್ರೇಲಿಯಾ 2024ರ ಜುಲೈನಿಂದ ಅದನ್ನು ನಿಷೇಧಿಸಿಯೇಬಿಟ್ಟಿತು. ನಿಮ್ಮದು ಕ್ವಾರ್ಟ್ಜ್ ಆಗಿದ್ದರೆ ಕೈ ಹಾಕಬೇಡಿ.

ಗ್ರಾನೈಟ್ ಆಗಿದ್ದರೆ ಒಂದು ಸಣ್ಣ ತೂತು ನೀವೇ ಮಾಡಬಹುದು. ನಲ್ಲಿಯ ಬುಡದ ಅಳತೆ ನೋಡಿ, ಅದಕ್ಕೆ ತಕ್ಕ ಡೈಮಂಡ್ ಕೋರ್ ಬಿಟ್ ತನ್ನಿ, ಡ್ರಿಲ್‌ಗೆ ಹಾಕುವ ಟೊಳ್ಳು ಕೊಳವೆಯಂಥ ಬಿಟ್. ಬ್ಯಾಟರಿ ಡ್ರಿಲ್ ಇದ್ದರೆ ಯಾರಾದರೂ ಸ್ನೇಹಿತರ ಹತ್ತಿರ ಇಸಿದುಕೊಳ್ಳಿ, ಯಾಕೆಂದರೆ ಇಲ್ಲಿ ನೀರು ಬಳಸಬೇಕು, ನೀರಿನ ಹತ್ತಿರ 230 ವೋಲ್ಟಿನ ವೈರ್ ಇಲ್ಲದಿದ್ದರೆ ಒಳ್ಳೆಯದು. ಡ್ರಿಲ್‌ನ ಹ್ಯಾಮರ್ (ಬಡಿಯುವ ಸೆಟ್ಟಿಂಗ್) ಆಫ್ ಇರಲಿ, ಆನ್ ಆಗಿದ್ದರೆ ಕಲ್ಲು ಬಿರುಕು ಬಿಡುತ್ತದೆ. ತೂತಿನ ಜಾಗದ ಸುತ್ತ ಚಪಾತಿ ಹಿಟ್ಟಿನಲ್ಲೋ ಮಕ್ಕಳ ಆಟದ ಜೇಡಿಮಣ್ಣಿನಲ್ಲೋ ಒಂದು ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಬಿಟ್ಟನ್ನು ಮೊದಲು ಓರೆಯಾಗಿ ಹಿಡಿದು ಅರ್ಧಚಂದ್ರದ ಗುರುತು ಬೀಳಿಸಿ, ನಿಧಾನವಾಗಿ ನೆಟ್ಟಗೆ ಮಾಡಿ. ಕಡಿಮೆ ವೇಗ, ಕಡಿಮೆ ಒತ್ತಡ. ನಡುನಡುವೆ ಎತ್ತಿ, ಬೂದಿ ಬಣ್ಣದ ಕೆಸರು ಒರೆಸಿ ಹೊಸ ನೀರು ಹಾಕಿ. ಕೊನೆಯ ಎರಡು ಮಿ.ಮೀ.ನಲ್ಲಿ ಇನ್ನೂ ಹಗುರ ಮಾಡಿ, ಇಲ್ಲದಿದ್ದರೆ ಕೆಳಗಡೆ ಚಕ್ಕೆ ಎದ್ದು ಬರುತ್ತದೆ. ಕೆಳಗಿನ ಕಪಾಟಿನಲ್ಲಿರುವ ಪಾತ್ರೆಗಳನ್ನು ಮೊದಲೇ ತೆಗೆದಿಡಿ. ಆ ಕೆಸರನ್ನು ಒಣಗಲು ಬಿಡದೆ ಒದ್ದೆ ಬಟ್ಟೆಯಲ್ಲೇ ಬಳಿದು ತೆಗೆಯಿರಿ, ಒಣಗಿದ ಮೇಲೆ ಗುಡಿಸಿದರೆ ಅದೇ ಸಿಲಿಕಾ ಧೂಳು ಗಾಳಿಗೆ ಏಳುತ್ತದೆ.